‘ಔಟ್‌ಪುಟ್ ಬಂತಾ?’ ಕೇಳುವ ಮೊದಲು

ದಾವಣಗೆರೆಯಲ್ಲಿ ನಾನು ಪ್ರೋಗ್ರಾಮಿಂಗ್ ಪಾಠ ಮಾಡುವ ಕಂಪ್ಯೂಟರ್ ಲ್ಯಾಬ್‌ನಲ್ಲಿ ಜಾಸ್ತಿ ಕೇಳಿಸುವ ಮಾತು ಒಂದೇ: ‘ಔಟ್‌ಪುಟ್ ಬಂತಾ?’ ಬಂದರೆ ಸಹಿ ಹಾಕಿಸಿಕೊಂಡು ರೆಕಾರ್ಡ್ ಬರೆಯುತ್ತಾರೆ. ಬರದಿದ್ದರೆ ಪಕ್ಕದವರದ್ದನ್ನು ನೋಡಿ ಇಳಿಸಿಕೊಳ್ಳುತ್ತಾರೆ. ಇಳಿಸುವಾಗ ಓದುತ್ತಾರಾ? ಎಲ್ಲಿಂದ! ಕೈ ಕೀಬೋರ್ಡ್ ಮೇಲೆ, ಮನಸ್ಸು ಮಂಡಕ್ಕಿ-ಮೆಣಸಿನಕಾಯಿ ಮೇಲೆ.

ಒಬ್ಬರ ಕೋಡನ್ನು, ಅಂದರೆ ಅವರು ಬರೆದ ಪ್ರೋಗ್ರಾಮಿನ ಸಾಲುಗಳನ್ನು, ಇನ್ನೊಬ್ಬರು ಓದಿ ತಪ್ಪು ಹುಡುಕುವ ಕೋಡ್ ರಿವ್ಯೂ ಹೊಸದೇನಲ್ಲ. ಪ್ರೋಗ್ರಾಮ್ ಬರೆದವರು ಅದನ್ನು ತಮ್ಮದೇ ಒಂದು ಭಾಗ ಅಂದುಕೊಳ್ಳುತ್ತಾರೆ, ಹಾಗಾಗಿ ಅದರ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೆರಾಲ್ಡ್ ವೈನ್‌ಬರ್ಗ್ 1971ರಲ್ಲೇ ಬರೆದಿದ್ದರು. ನಮ್ಮಲ್ಲಿ ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದೇ. ‘ನಾನು’ ಅನ್ನೋದನ್ನು ಬದಿಗಿಟ್ಟು ಕೋಡನ್ನು ಬೇರೆಯವರಿಗೆ ತೋರಿಸಿ ಎನ್ನುವುದು ಅವರ ವಾದ.

ಇದಕ್ಕೆ ಕಟ್ಟುನಿಟ್ಟಿನ ರೂಪ ಕೊಟ್ಟವರು ಕಂಪ್ಯೂಟರ್ ಕಂಪನಿ ಐಬಿಎಮ್‌ನ ಮೈಕೆಲ್ ಫೇಗನ್. ಅವರ ಲೇಖನ ಬಂದದ್ದು 1976ರಲ್ಲಿ. ನಾಲ್ಕೈದು ಜನ ಕೂರಬೇಕು, ಬರೆದವರನ್ನು ಬಿಟ್ಟು ಬೇರೊಬ್ಬರು ಕೋಡನ್ನು ವಿವರಿಸುತ್ತಾ ಹೋಗಬೇಕು, ತಪ್ಪನ್ನು ಅಲ್ಲಿ ಗುರುತಿಸಬೇಕಷ್ಟೇ, ತಿದ್ದುವುದು ಆಮೇಲೆ. ನನಗೆ ತುಂಬಾ ಹಿಡಿಸಿದ್ದು ಅವರ ಇನ್ನೊಂದು ಮಾತು: ಸಿಕ್ಕ ತಪ್ಪುಗಳನ್ನು ಲೆಕ್ಕ ಹಾಕಿ ಆ ಪ್ರೋಗ್ರಾಮರ್‌ನ ಯೋಗ್ಯತೆ ಅಳೆಯಬೇಡಿ. ಅಳೆದರೆ ತಪ್ಪು ತೋರಿಸುವವರೇ ಇರುವುದಿಲ್ಲ.

2005ರಲ್ಲಿ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್, 2008ರಲ್ಲಿ ಆ ಕೋಡನ್ನು ಆನ್‌ಲೈನ್‌ನಲ್ಲೇ ಹಂಚಿಕೊಂಡು ಓದಿ ಟಿಪ್ಪಣಿ ಬರೆಯುವ ತಾಣ ಗಿಟ್‌ಹಬ್ ಬಂದ ಮೇಲೆ ಈ ಕೆಲಸಕ್ಕೆ ಸಭೆಯೇ ಬೇಡವಾಯಿತು. ಈಗ ಇಲ್ಲಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಎಷ್ಟೋ ಹುಡುಗರು ಮೊದಲ ವಾರವೇ ರಿವ್ಯೂಗೆ ಸಿಕ್ಕಿ ಬೆವರುತ್ತಾರೆ. ಕಾಲೇಜಿನ ನಾಲ್ಕು ವರ್ಷ ಯಾರೂ ಅವರ ಕೋಡ್ ಓದಿರಲಿಲ್ಲ ನೋಡಿ.

ಅದಕ್ಕೇ ಲ್ಯಾಬ್‌ನಲ್ಲೇ ರಿವ್ಯೂ ಶುರು ಮಾಡಿದೆ. ಮೊದಲ ಸಲ ನಾನೇ ಎಡವಿದೆ. ಗೆಳೆಯರ ಕೋಡಿಗೆ ಅಂಕ ಕೊಡಿ ಅಂದೆ. ಎಲ್ಲರಿಗೂ ಹತ್ತಕ್ಕೆ ಹತ್ತು! ಫೇಗನ್ ಮಾತು ಆಗ ತಲೆಗೆ ಹೋಯಿತು. ಅಂಕ ತೆಗೆದೆ. ಪ್ರಿಂಟ್ ಅದಲು ಬದಲು ಮಾಡಿಕೊಳ್ಳಿ, ಬರೆದವರು ಬಾಯಿ ಬಿಡಬಾರದು ಅಂದೆ.

ಐದು ಸಂಖ್ಯೆ ಕೂಡಿಸುವ, ಸಿ ಭಾಷೆಯ ಪ್ರೋಗ್ರಾಮ್. ಹುಡುಗನ ಹಾಳೆ ಹಿಡಿದ ಹುಡುಗಿ ಲೂಪ್, ಅಂದರೆ ಒಂದೇ ಕೆಲಸವನ್ನು ಎಣಿಸಿ ಎಣಿಸಿ ಮತ್ತೆ ಮಾಡಿಸುವ ಸಾಲಿನ, ಹತ್ತಿರ ನಿಂತಳು. ಸೊನ್ನೆಯಿಂದ ಹೊರಟು ಐದರವರೆಗೆ, ಐದೂ ಸೇರಿ. ಬೆರಳು ಮಡಚಿ ಎಣಿಸಿದಳು. ಐದು ಮುಗಿದು ಇನ್ನೊಂದು ಕೈಯ ಬೆರಳೂ ಬೇಕಾಯಿತು.

‘ಔಟ್‌ಪುಟ್ ಸರಿಯಾಗೇ ಬಂದಿದೆ ಸರ್’ ಎಂದು ಅವನು ಬಾಯಿ ಬಿಟ್ಟೇಬಿಟ್ಟ. ಬಂದಿತ್ತು ನಿಜ. ಸಂಖ್ಯೆ ಇದ್ದದ್ದು ಐದೇ, ಲೂಪ್ ಕೂಡಿಸಿದ್ದು ಆರು; ಮೆಮೊರಿಯ ಆ ಆರನೇ ಜಾಗದಲ್ಲಿ ಅದೃಷ್ಟಕ್ಕೆ ಸೊನ್ನೆ ಕೂತಿತ್ತು. ಬೇರೆ ಕಂಪ್ಯೂಟರ್‌ನಲ್ಲಿ ಓಡಿಸಿದೆವು. ಮೊತ್ತ ಮೂವತ್ತೆರಡು ಸಾವಿರ ಚಿಲ್ಲರೆ!

ಅವನು ಒಂದು ಗಳಿಗೆ ಪರದೆ ನೋಡಿದ. ಆಮೇಲೆ ಅವಳತ್ತ ಕೈ ಚಾಚಿದ. ‘ಕೊಡು, ನಿಂದು ನೋಡ್ತೀನಿ.’