ಅಮ್ಮನಿಗೆ ಅಲ್ಝೈಮರ್ ಇದ್ದರೆ ನನಗೂ ಬಂದೇ ಬರುತ್ತದಾ?

ಪ್ರಶ್ನೆ: ನನ್ನ ಅಜ್ಜಿಗೆ ಕೊನೆಗಾಲದಲ್ಲಿ ಅರಳು ಮರಳು ಇತ್ತು. ದೊಡ್ಡಮ್ಮನಿಗೂ ಹಾಗೇ ಆಯಿತು. ಈಗ ಅಮ್ಮನಿಗೆ 78, ಅಲ್ಝೈಮರ್ ಎಂದು ಡಾಕ್ಟರ್ ಹೇಳಿದ್ದಾರೆ. ನನಗೆ 46. ಮೊನ್ನೆ ಗ್ಯಾಸ್ ಮೇಲೆ ಹಾಲಿಟ್ಟು ಮರೆತೇ ಬಿಟ್ಟೆ. ಇದು ನಮ್ಮ ಬಳಿಯಲ್ಲೇ (ತಾಯಿಯ ಕಡೆಯ ವಂಶದಲ್ಲೇ) ಉಂಟು, ಹೆಣ್ಣುಮಕ್ಕಳಿಗೆ ಬಂದೇ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಶುರುವಾಯಿತಾ ಮೇಡಂ?
– ಕಾಪು ಕಡೆಯ ಓದುಗರೊಬ್ಬರು

ಉತ್ತರ: ಹಾಲು ಉಕ್ಕಿದ ಮಾತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲ. ‘ಬಂದೇ ಬರುತ್ತದೆ’ ಎಂಬ ಮಾತಂತೂ ತಪ್ಪು.

ಈ ಪ್ರಶ್ನೆ ನನಗೆ ಹೊಸತಲ್ಲ. ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಹಳೆಯ ವಿದ್ಯಾರ್ಥಿನಿಯರು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಮೆಲ್ಲಗೆ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ 31 ವರ್ಷ ಜೀವಶಾಸ್ತ್ರ ಕಲಿಸಿದವಳು. ನನ್ನ ಅಮ್ಮನನ್ನು ಇದೇ ಕಾಯಿಲೆಯಲ್ಲಿ 8 ವರ್ಷ ನೋಡಿಕೊಂಡವಳು. ಅನುವಂಶೀಯತೆಯ ಪಾಠದಲ್ಲಿ ಮೆಂಡೆಲ್‌ನ ಬಟಾಣಿ ಗಿಡ ಬರೆದು ಪೂರ್ತಿ ಅಂಕ ತೆಗೆದುಕೊಂಡ ಹುಡುಗಿಯರೇ ಇವತ್ತು ‘ನಮ್ಮ ಬಳಿಯಲ್ಲೇ ಉಂಟು ಮೇಡಂ’ ಎಂದರೆ ನನಗೆ ಬೇಸರವಾಗದೆ ಇರುತ್ತದಾ? ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುತ್ತದೆ. ನಮ್ಮದು ಅಳಿಯಸಂತಾನದ ಊರು. ಬಳಿ ತಾಯಿಯದ್ದು, ಕುಟುಂಬದ ಮನೆ ತಾಯಿಯ ಕಡೆಯದ್ದು, ಆಸ್ತಿಯ ಪಾಲೂ ಹಿಂದೆ ಹಾಗೆಯೇ ಬರುತ್ತಿತ್ತು. ಅದಕ್ಕೆ 1949ರಲ್ಲಿ ಮದ್ರಾಸ್ ಸರಕಾರದ ಕಾಯ್ದೆಯೇ ಬಂದಿತ್ತು. ಇಷ್ಟೆಲ್ಲ ತಾಯಿಯಿಂದ ಬರುವಾಗ ಕಾಯಿಲೆಯೂ ಅದೇ ದಾರಿಯಲ್ಲಿ ಬರುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಜೀನ್‌ಗಳಿಗೆ ಬಳಿ ಗೊತ್ತಿಲ್ಲ. ಜೀನ್‌ಗಳನ್ನು ಹೊತ್ತ ನಿಮ್ಮ 46 ವರ್ಣತಂತುಗಳಲ್ಲಿ (ಕ್ರೋಮೋಸೋಮ್‌ಗಳಲ್ಲಿ) 23 ಅಮ್ಮನವು, 23 ಅಪ್ಪನವು. ನಿಮ್ಮ ಅಪ್ಪನ ಮನೆಯಲ್ಲಿ ಎಂಬತ್ತು ದಾಟಿದವರು ಹೇಗಿದ್ದರು ಎಂದು ಯಾರಾದರೂ ವಿಚಾರಿಸಿದ್ದಾರಾ? ಇಲ್ಲ ಅಲ್ವಾ?

ತಂದೆ ಅಥವಾ ತಾಯಿಯಿಂದ ನೇರವಾಗಿ ಇಳಿದು ಬರುವ ಅಲ್ಝೈಮರ್ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಉಂಟು. ಅದಕ್ಕೆ ಕಾರಣ ಮೂರು ಜೀನ್‌ಗಳು: 21ನೇ ವರ್ಣತಂತುವಿನ ಎಪಿಪಿ, 14ನೆಯದರ ಪ್ರಿಸೆನಿಲಿನ್ 1, 1ನೆಯದರ ಪ್ರಿಸೆನಿಲಿನ್ 2. ಇವುಗಳಲ್ಲಿ ಒಂದು ಕೆಟ್ಟಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ 50 ಶೇಕಡ. ಆದರೆ ಅಂಥ ಮನೆಗಳಲ್ಲಿ ಕಾಯಿಲೆ 78ಕ್ಕೆ ಕಾಯುವುದಿಲ್ಲ. ಸಾಮಾನ್ಯವಾಗಿ 65ಕ್ಕೆ ಮೊದಲೇ ಬರುತ್ತದೆ. ಎಷ್ಟೋ ಜನರಿಗೆ ನಲವತ್ತು, ಐವತ್ತರಲ್ಲೇ ಬರುತ್ತದೆ. ಒಟ್ಟು ಅಲ್ಝೈಮರ್ ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರೂ ಇಲ್ಲ. ನೀವು ಹೇಳಿದ್ದು ನೋಡಿದರೆ ನಿಮ್ಮ ಮನೆಯ ಕಥೆ ಅದಲ್ಲ.

ಇನ್ನೊಂದು ಜೀನ್ ಎಪಿಒಇ. ಹೆದರಿಸುವವರು ಹೆಚ್ಚಾಗಿ ಹೇಳುವುದು ಇದರ ಹೆಸರನ್ನೇ. ಇದು 19ನೇ ವರ್ಣತಂತುವಿನಲ್ಲಿದೆ. ಇದರಲ್ಲಿ 2, 3, 4 ಎಂದು ಮೂರು ಬಗೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬರುತ್ತದೆ. 4ನೇ ಬಗೆ ಇದ್ದರೆ ಅಪಾಯ ಜಾಸ್ತಿ, ಎರಡೂ ಅದೇ ಆದರೆ ಇನ್ನೂ ಜಾಸ್ತಿ. ಆದರೂ 4 ಇಟ್ಟುಕೊಂಡು ತೊಂಬತ್ತು ದಾಟಿ ನೆಟ್ಟಗೆ ಲೆಕ್ಕ ಹೇಳುವವರಿದ್ದಾರೆ. ಅದು ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ‘ಅಪಾಯ ಜಾಸ್ತಿ’ ಎನ್ನುವುದಕ್ಕೂ ‘ಬಂದೇ ಬರುತ್ತದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಾನು 31 ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ. ಸುಮ್ನೆ ದುಡ್ಡು ಕೊಟ್ಟು ಆ ಪರೀಕ್ಷೆ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ಐವತ್ತರ ಆಸುಪಾಸಿನಲ್ಲೇ ಒಬ್ಬರಾದ ಮೇಲೆ ಒಬ್ಬರಿಗೆ ಬಂದಿದ್ದರೆ ಮಾತ್ರ ನರರೋಗ ತಜ್ಞರನ್ನು ಕೇಳಿ ಮುಂದುವರಿಯಿರಿ.

‘ಹಾಗಾದರೆ ಮೂವರಿಗೂ ಹೇಗೆ ಬಂತು?’ ಎನ್ನುತ್ತೀರಿ. ಮೊದಲನೆಯದಾಗಿ, ಮೂವರಿಗೂ ಬಂದದ್ದು ಒಂದೇ ಕಾಯಿಲೆ ಎಂದು ಯಾರು ಹೇಳಿದರು? ಅಜ್ಜಿಯನ್ನು ಯಾವ ಡಾಕ್ಟರಿಗೂ ತೋರಿಸಿರಲಿಕ್ಕಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಹೇಳಿ ಮೂಲೆಯಲ್ಲಿ ಕೂರಿಸಿದ ಕಾಲ ಅದು. ಬಿಪಿ ಏರಿ ಮಿದುಳಿನಲ್ಲಿ ಸಣ್ಣ ಸಣ್ಣ ಸ್ಟ್ರೋಕ್ ಆದರೂ ಮರೆವು ಬರುತ್ತದೆ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದಲೂ ಬರುತ್ತದೆ. ಎರಡನೆಯದಾಗಿ, ವಯಸ್ಸು. 65 ದಾಟಿದ ಮೇಲೆ ಪ್ರತಿ 5 ವರ್ಷಕ್ಕೆ ಈ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ನಿಮ್ಮ ಮನೆಯ ಹೆಂಗಸರು ಗಟ್ಟಿಗಿತ್ತಿಯರು, ಜಾಸ್ತಿ ವರ್ಷ ಬದುಕಿದರು. ಗಂಡಸರು ಅರವತ್ತರಲ್ಲೇ ಹೋಗಿದ್ದರೆ ಅವರಿಗೆ ಈ ಕಾಯಿಲೆ ಬರಲು ಸಮಯವೇ ಸಿಗಲಿಲ್ಲ. ಅಷ್ಟಕ್ಕೇ ಅದು ‘ಹೆಣ್ಣುಮಕ್ಕಳ ಕಾಯಿಲೆ’ ಆಗಿ ಕಾಣುತ್ತದೆ.

ಅಮ್ಮನಿಗಿದ್ದರೆ ನಿಮಗೆ ಅಪಾಯ ಸ್ವಲ್ಪ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಅಪಾಯ ಹೆಚ್ಚಿಸುವ 14 ಕಾರಣಗಳನ್ನು ಹೇಳಿದೆ. ಅವುಗಳನ್ನೆಲ್ಲ ಸರಿಮಾಡಿಕೊಂಡರೆ ಜಗತ್ತಿನ ಸುಮಾರು 45 ಶೇಕಡ ಡಿಮೆನ್ಶಿಯಾವನ್ನು (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳನ್ನು) ತಡೆಯಲು ಅಥವಾ ಮುಂದೂಡಲು ಸಾಧ್ಯ ಎನ್ನುತ್ತದೆ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಕಿವಿ ಮಂದವಾದರೆ ಯಂತ್ರ ಹಾಕಿಸಿಕೊಳ್ಳಲು ನಾಚಬೇಡಿ. ನಡೆಯಿರಿ, ನಾಲ್ಕು ಜನರ ಜೊತೆ ಸೇರಿ. ತಿಮರೆ (ಒಂದೆಲಗ) ಚಟ್ನಿ ರುಚಿಗೆ ಖಂಡಿತ ತಿನ್ನಿ, ನಾನೂ ತಿನ್ನುತ್ತೇನೆ. ಅದೇ ಮರೆವಿಗೆ ಮದ್ದು ಎಂದು ಬಿಪಿ ಮಾತ್ರೆ ಮಾತ್ರ ಬಿಡಬೇಡಿ.

ಇನ್ನು ನಿಮ್ಮ ಹಾಲಿನ ವಿಷಯ. ಅಮ್ಮ ರಾತ್ರಿ ಎಷ್ಟು ಸಲ ಏಳುತ್ತಾರೆ? ನೀವು ಎಷ್ಟು ಗಂಟೆ ಮಲಗುತ್ತೀರಿ? ನಿದ್ದೆಗೆಟ್ಟವರು ಹಾಲು ಮರೆಯುತ್ತಾರೆ. ಮೂವತ್ತು ವರ್ಷದಿಂದ ಮಾಡುತ್ತಿದ್ದ ಗಸಿಗೆ ಉಪ್ಪು ಮರೆತರೆ ಪರವಾಗಿಲ್ಲ. ತೆಂಗಿನಕಾಯಿ ಕಡೆದ ಮೇಲೆ ಮುಂದೇನು ಎಂದೇ ಹೊಳೆಯದಿದ್ದರೆ, ದಿನಾ ಹೋಗುವ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ದಾರಿ ತಿಳಿಯದಿದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದೀರಿ ಎಂದು ಮನೆಯವರು ಹೇಳಿದರೆ, ಆಗ ತಡ ಮಾಡಬೇಡಿ. ಸದ್ಯಕ್ಕೆ ಬಿ12 ಮತ್ತು ಥೈರಾಯ್ಡ್ ನೋಡಿಸಿ. ವಾರಕ್ಕೆ ಎರಡು ರಾತ್ರಿಯಾದರೂ ಅಮ್ಮನ ಬಳಿ ಬೇರೆ ಯಾರನ್ನಾದರೂ ಮಲಗಿಸಿ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ, ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್.

ನೀವು ಕೇಳಿಲ್ಲ, ಆದರೂ ಒಂದು ಹೇಳುತ್ತೇನೆ. ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಕೊನೆಯ ವರ್ಷಗಳಲ್ಲಿ ನನ್ನ ಹೆಸರು ಹೋಯಿತು, ಬೆರಳು ಮಾತ್ರ ಮರೆಯಲಿಲ್ಲ. ಸೀರೆಯ ಅಂಚನ್ನು ಎಲೆಯ ಹಾಗೆ ಹಿಡಿದು, ಹೆಬ್ಬೆರಳಲ್ಲಿ ಸುರುಳಿ ಸುತ್ತಿ, ಉಗುರಿನಿಂದ ಬಾಯಿ ಮುಚ್ಚುತ್ತಿದ್ದರು. ಅಲ್ಝೈಮರ್ ಮೊದಲು ಹೊಡೆಯುವುದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಸುತ್ತಮುತ್ತಲ ಜಾಗಕ್ಕೆ. ಬೆಳಿಗ್ಗೆ ಏನು ತಿಂದೆವು, ಯಾರು ಬಂದರು ಎಂಬ ಹೊಸ ನೆನಪು ಕೂರುವುದು ಅಲ್ಲಿ. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳಲ್ಲಿದೆ, ಅದು ತುಂಬಾ ಕಾಲ ಉಳಿಯುತ್ತದೆ.

ಸಂಜೆಯಾದರೆ ಅಮ್ಮನಿಗೆ ತಳಮಳ. ‘ಬ್ರಾಂಚ್ ಮುಚ್ಚುತ್ತದೆ, ಬೀಡಿ ಕೊಟ್ಟು ಬರಬೇಕು’ ಎಂದು ಬಾಗಿಲಿಗೆ ಹೋಗುತ್ತಿದ್ದರು. ಕಟ್ಟಿದ ಬೀಡಿ ಕೊಡುವ ಜಾಗವೇ ಬ್ರಾಂಚ್. ಈ ಕಾಯಿಲೆಯಲ್ಲಿ ಸಂಜೆಯ ಗೊಂದಲ ತುಂಬಾ ಜನರಿಗೆ ಇರುತ್ತದೆ. ಮೊದಮೊದಲು ನಾನು ಟೀಚರ್ ಥರ ತಿದ್ದುತ್ತಿದ್ದೆ: ‘ಬೀಡಿ ಬಿಟ್ಟು 20 ವರ್ಷ ಆಯಿತಲ್ಲಮ್ಮ.’ ಅವರ ಮುಖ ಬಿಳಿಚುತ್ತಿತ್ತು. ‘ಹಾಗಾದ್ರೆ ಮಗಳ ಫೀಸು?’

ತಿದ್ದುವುದನ್ನು ಬಿಟ್ಟೆ. ‘ಫೀಸು ಕಟ್ಟಿ ಆಯ್ತಮ್ಮ, ರಶೀದಿ ಉಂಟು’ ಎನ್ನತೊಡಗಿದೆ. ಅದು ಸುಳ್ಳಲ್ವಾ ಎಂದು ತಂಗಿ ಕೇಳಿದಳು. ಸುಳ್ಳು ಹೇಗಾಗುತ್ತದೆ? ಅವರೇ ಕಟ್ಟಿದ್ದು. ಅಮ್ಮ ಬಾಗಿಲು ಬಿಟ್ಟು ಬಂದು, ಕಾಲು ಚಾಚಿ ಕೂತು, ಸೀರೆಯ ಅಂಚು ಎತ್ತಿಕೊಳ್ಳುತ್ತಿದ್ದರು.