ಅಣ್ಣ ತಮ್ಮನ ನಡುವಿನ ಐದು ವರ್ಷ

"ಇವನ ಅಣ್ಣನಿಗೆ ಓದು ಮುಗಿಯುವ ಮೊದಲೇ ಕೆಲಸ ಸಿಕ್ಕಿತ್ತು. ಅದೇ ಕಾಲೇಜು, ಅದೇ ಪದವಿ, ಅಂಕ ಇವನದೇ ಹೆಚ್ಚು. ಇವನಲ್ಲಿ ಏನು ಕೊರತೆಯಿದೆ, ನೀವೇ ಹೇಳಿ" ಎಂದರು ತಂದೆ. ಮಗ ತಲೆ ತಗ್ಗಿಸಿ ಕುಳಿತಿದ್ದ. ಅವನು ಪದವಿ ಮುಗಿಸಿದ್ದು 2020ರಲ್ಲಿ.

ವೃತ್ತಿ ಸಮಾಲೋಚಕನಾದ ನನ್ನ ಬಳಿಗೆ ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಅಣ್ಣ ಬಂದಾಗ ತೆರೆದಿದ್ದ ಬಾಗಿಲು ತಮ್ಮ ಬರುವ ಹೊತ್ತಿಗೆ ಮುಚ್ಚಿತ್ತು, ಅಷ್ಟೇ. ಆದರೆ ಮನೆಯಲ್ಲಿ ಬಾಗಿಲನ್ನು ಯಾರೂ ದೂರುವುದಿಲ್ಲ, ಹುಡುಗನನ್ನೇ ದೂರುತ್ತಾರೆ. ಕೆಲವು ತಿಂಗಳಲ್ಲಿ ಅವನೂ ತನ್ನನ್ನೇ ದೂರಿಕೊಳ್ಳಲು ಕಲಿಯುತ್ತಾನೆ.

ಗಾಯ ಮಾಯ್ದರೂ ಕಲೆ ಉಳಿಯುತ್ತದೆಯಲ್ಲ, ಅರ್ಥಶಾಸ್ತ್ರಜ್ಞರು ಈ ಸ್ಥಿತಿಗೂ ಅದೇ ಹೆಸರಿಟ್ಟಿದ್ದಾರೆ. ಆರ್ಥಿಕ ಹಿಂಜರಿತದ ವರ್ಷದಲ್ಲಿ ಓದು ಮುಗಿಸಿದವರು ಸಿಕ್ಕಿದ ಕೆಲಸಕ್ಕೆ ಸೇರುತ್ತಾರೆ. ಅದು ಹೆಚ್ಚಾಗಿ ಸಣ್ಣ ಸಂಸ್ಥೆ. ಸಂಬಳವೂ ಕಡಿಮೆ, ಕಲಿಯಲು ಸಿಗುವುದೂ ಕಡಿಮೆ. ಮುಂದಿನ ಸಂದರ್ಶನದಲ್ಲಿ "ಈಗ ಎಷ್ಟು ಸಂಬಳ?" ಎಂದು ಕೇಳುತ್ತಾರೆ, ಆ ಸಣ್ಣ ಮೊತ್ತವೇ ಹೊಸ ಸಂಬಳಕ್ಕೂ ಅಳತೆಗೋಲಾಗುತ್ತದೆ. ಕೆನಡಾದ ಪದವೀಧರರ ಬಗೆಗಿನ ಒಂದು ದೊಡ್ಡ ಅಧ್ಯಯನದಲ್ಲಿ, ಹಿಂಜರಿತದಲ್ಲಿ ಬಂದವರ ಆರಂಭಿಕ ಗಳಿಕೆ ಸುಮಾರು ಶೇ. 9ರಷ್ಟು ಕಡಿಮೆಯಿತ್ತು, ಆ ಅಂತರ ಮುಚ್ಚಲು ಹತ್ತು ವರ್ಷ ಹಿಡಿಯಿತು. ಅಂತರ ಮುಚ್ಚಿಕೊಂಡವರಲ್ಲಿ ಬಹಳಷ್ಟು ಮಂದಿ ಆರಂಭದ ವರ್ಷಗಳಲ್ಲೇ ಮೊದಲ ಸಂಸ್ಥೆಯನ್ನು ಬಿಟ್ಟು ಉತ್ತಮ ಸಂಸ್ಥೆಗೆ ಹೋದವರು. "ಒಂದೇ ಕಡೆ ನಿಲ್ಲದವನು" ಎಂದು ಮನೆಯವರು ಬೈಯುವಾಗ ನಾನು ಹುಡುಗರ ಪರ ನಿಲ್ಲುವುದು ಇದಕ್ಕೇ.

ಜಪಾನಿನಲ್ಲಿ ಆದದ್ದು ಇನ್ನೂ ಕಠೋರ. ಅಲ್ಲಿನ ಕಂಪನಿಗಳು ಆಗಷ್ಟೇ ಓದು ಮುಗಿಸಿದವರನ್ನು ಪ್ರತಿ ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುವ ರೂಢಿಯಿದೆ. 1990ರ ದಶಕದ ಆರಂಭದಲ್ಲಿ ಆರ್ಥಿಕತೆ ಕುಸಿದು ನೇಮಕಾತಿ ಬತ್ತಿತು. ಆ ಏಪ್ರಿಲ್‌ನಲ್ಲಿ ಕೆಲಸ ಸಿಗದವರಿಗೆ ಮರುವರ್ಷ ಸ್ಥಾನವಿರಲಿಲ್ಲ, ಅಷ್ಟರಲ್ಲಿ ಹೊಸ ತಂಡ ಬಂದಿತ್ತು. ಅವರನ್ನು ಉದ್ಯೋಗದ ಹಿಮಯುಗದ ಪೀಳಿಗೆ ಎಂದು ಕರೆದರು. ಸರ್ಕಾರ ಅವರಿಗಾಗಿಯೇ ವಿಶೇಷ ನೆರವಿನ ಯೋಜನೆ ರೂಪಿಸಿದ್ದು 2019ರಲ್ಲಿ. ಆ ಹೊತ್ತಿಗೆ ಅವರಲ್ಲಿ ಅನೇಕರು ನಲವತ್ತು ದಾಟಿದ್ದರು. ಮದುವೆ, ಮನೆ, ಮಕ್ಕಳು ಎಲ್ಲವನ್ನೂ ಮುಂದೂಡುತ್ತಲೇ ಅವರ ಯೌವನ ಕಳೆದಿತ್ತು.

ಈಗ ಪರಿಸ್ಥಿತಿ ಸುಧಾರಿಸಿದೆ ಎನ್ನುವವರು ಒಂದು ಅಂಕಿ ತೋರಿಸುತ್ತಾರೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪ್ರಕಾರ 2023ರಲ್ಲಿ ಜಗತ್ತಿನ ಯುವಜನರ ನಿರುದ್ಯೋಗ ಶೇ. 13, ಹದಿನೈದು ವರ್ಷಗಳಲ್ಲೇ ಕನಿಷ್ಠ. ಅಂಕಿ ನಿಜ. ಆದರೆ ಕೆಲಸ ಹುಡುಕುತ್ತಿರುವವನು ಮಾತ್ರ ಆ ಲೆಕ್ಕದಲ್ಲಿ ನಿರುದ್ಯೋಗಿ. ಸೋತು ಹುಡುಕಾಟ ನಿಲ್ಲಿಸಿದವನು ಅದರಿಂದ ಜಾರಿ ಹೋಗುತ್ತಾನೆ. ಅದೇ ವರ್ಷ ಐವರಲ್ಲಿ ಒಬ್ಬರು ಓದಿನಲ್ಲೂ ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ. ಅಂಥ ಮೂವರಲ್ಲಿ ಇಬ್ಬರು ಯುವತಿಯರು. ನನ್ನ ಬಳಿಗೆ ಅವರು ಬರುವುದೇ ಅಪರೂಪ. "ಮನೆಯಲ್ಲಿದ್ದಾಳೆ" ಎಂಬ ಒಂದೇ ಮಾತಿನಲ್ಲಿ ಅವರ ಹುಡುಕಾಟ ಮುಗಿದುಹೋಗಿರುತ್ತದೆ, ಅದನ್ನು ಯಾರೂ ಸಮಸ್ಯೆಯೆಂದು ಎಣಿಸುವುದಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಮುಂದಿನ ಬಾರಿ ಅಣ್ಣನನ್ನೂ ಕರೆತರಲು ಹೇಳಿದೆ. ಎಷ್ಟು ಕಡೆ ಅರ್ಜಿ ಹಾಕಿದ್ದೆ ಎಂದು ತಂದೆಯ ಎದುರಿಗೇ ಕೇಳಿದೆ. "ಮೂರು ಕಡೆ. ಎರಡರಿಂದ ಕರೆ ಬಂದಿತ್ತು" ಎಂದ. ತಮ್ಮ ತಾನು ಬರೆದಿಟ್ಟಿದ್ದ ಪಟ್ಟಿ ತೆಗೆದ. ಇನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ತಂದೆ ಅದನ್ನು ಕೈಗೆ ತೆಗೆದುಕೊಂಡು ಕೊನೆಯ ಪುಟದವರೆಗೂ ಓದಿದರು.

ಆ ಹುಡುಗ ಈಗ ಒಂದು ಸಣ್ಣ ಸಂಸ್ಥೆಯಲ್ಲಿದ್ದಾನೆ, ಎರಡನೆಯ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾನೆ. ಮೊನ್ನೆ ಅರ್ಜಿಯೊಂದನ್ನು ನನಗೆ ತೋರಿಸಲು ತಂದಿದ್ದ. ಈಗಿನ ಸಂಬಳ ಕೇಳುವ ಸಾಲನ್ನು ಖಾಲಿ ಬಿಟ್ಟಿದ್ದ.