ಪೈನ್ ನೆಡುವ ಮುಂಚೆ ಏಣಿ ಇದೆಯಾ ನೋಡಿ: ಜಪಾನಿ ತೋಟದ ನಿತ್ಯಹಸಿರು ಗಿಡಗಳು

ಜಪಾನಿ ತೋಟ ಅಂದ್ರೆ ನಮ್ಮ ಕಣ್ಣು ಮೊದಲು ಕೆಂಪು ಮೇಪಲ್ ಕಡೆಗೇ ಹೋಗುತ್ತದೆ, ಅಲ್ವಾ? ಆದರೆ ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ತೋಟ ಖಾಲಿ ಅನ್ನಿಸದೆ ಇರೋದು ಸುತ್ತ ಇರುವ ನಿತ್ಯಹಸಿರು ಗಿಡಗಳಿಂದ. ಇವನ್ನು ಆರಿಸುವಾಗ ಅಂದ ಆಮೇಲೆ ನೋಡೋಣ. ಮೊದಲು ಕೇಳಬೇಕಾದ್ದು, ವರ್ಷಕ್ಕೆ ಎಷ್ಟು ಸಲ ಈ ಗಿಡಕ್ಕೆ ಕೈ ಹಾಕಬೇಕು ಅಂತ.

ಪೈನ್ ಇದರಲ್ಲಿ ಜಾಸ್ತಿ ಕೆಲಸ ಕೊಡುವ ಮರ. ಕುರೊಮಾತ್ಸು ಅಂದ್ರೆ ಕಪ್ಪು ಪೈನ್. ಸೂಜಿ ಎಲೆ ಎರಡೆರಡು, ಗಟ್ಟಿ, ಅಂಗೈಗೆ ಒತ್ತಿದರೆ ಚುಚ್ಚುತ್ತದೆ. ಉಪ್ಪುಗಾಳಿ ತಡೆಯುತ್ತದೆ, ಅದಕ್ಕೇ ಜಪಾನಿನ ಕಡಲ ತೀರಗಳಲ್ಲಿ ಗಾಳಿ, ಮರಳು ತಡೆಯಲು ಇದನ್ನೇ ಸಾಲಾಗಿ ನೆಟ್ಟಿದ್ದಾರೆ, ನಮ್ಮ ಕರಾವಳಿಯಲ್ಲಿ ಗಾಳಿಮರ ನೆಟ್ಟ ಹಾಗೆ. ಅಕಾಮಾತ್ಸು ಅಂದ್ರೆ ಕೆಂಪು ಪೈನ್, ತೊಗಟೆ ಕೆಂಪು, ಎಲೆ ಮೆತ್ತಗೆ. ಐದೈದು ಸೂಜಿ ಇರುವ ಗೊಯೊಮಾತ್ಸು ನಿಧಾನಕ್ಕೆ ಬೆಳೆಯುತ್ತದೆ, ಚಿಕ್ಕ ಜಾಗಕ್ಕೆ ಅದೇ ವಾಸಿ. ಮೂರಕ್ಕೂ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಈಗ ಕೆಲಸಕ್ಕೆ ಬರೋಣ. ವಸಂತದಲ್ಲಿ ಕೊಂಬೆಯ ತುದಿಗೆ ಮೇಣದ ಬತ್ತಿಯ ಹಾಗೆ ನಾಲ್ಕೈದು ಚಿಗುರು ಒಟ್ಟಿಗೆ ಏಳುತ್ತವೆ. ನಡುವಿನ ದಪ್ಪದ್ದನ್ನು ಬುಡದಿಂದ ಮುರಿದು, ಎರಡು ಉಳಿಸಿ, ಅವನ್ನೂ ಅರ್ಧಕ್ಕೆ ಬೆರಳಿನಲ್ಲೇ ಚಿವುಟುತ್ತಾರೆ. ಇದಕ್ಕೆ ಮಿದೊರಿತ್ಸುಮಿ ಅಂತ ಹೆಸರು. ಆಮೇಲೆ ಚಳಿ ಶುರುವಾಗುವಾಗ ಮೊಮಿಯಾಗೆ, ಅಂದ್ರೆ ಏಣಿ ಹತ್ತಿ ಹಳೇ ಸೂಜಿಗಳನ್ನು ಕೊಂಬೆ ಕೊಂಬೆಯಿಂದಲೂ ಕೈಯಲ್ಲೇ ಕೀಳೋದು. ಬೆರಳೆಲ್ಲ ಅಂಟು. ಹೀಗೆ ಮಾಡಿದರೇ ಒಳಗಿನ ಕೊಂಬೆಗೂ ಬೆಳಕು ಬೀಳೋದು, ಇಲ್ಲಾಂದ್ರೆ ಅವು ಒಣಗಿ ಮರ ತುದಿಯಲ್ಲಷ್ಟೇ ಹಸಿರಾಗುತ್ತದೆ, ಒಮ್ಮೆ ಒಣಗಿದ ಕೊಂಬೆ ಮತ್ತೆ ಚಿಗುರೋದಿಲ್ಲ. ತಾಕಾಮಾತ್ಸು ಊರಿನ ರಿತ್ಸುರಿನ್ ತೋಟದಲ್ಲಿ ಸುಮಾರು 1,400 ಪೈನ್ ಇವೆ, ಅದರಲ್ಲಿ 1,000ದಷ್ಟನ್ನು ಮಾಲಿಗಳು ಹೀಗೆ ಕೈಯಲ್ಲೇ ತಿದ್ದುತ್ತಾರೆ. ನಮಗೆ ಒಂದು ಸಾಕು ಬಿಡಿ.

ಇಷ್ಟು ಪುರುಸೊತ್ತು ಇಲ್ಲದವರಿಗೆ ಮೊಕ್ಕೊಕು ಅನ್ನುವ ಮರ ಇದೆ. ಎಲೆ ದಪ್ಪ, ಹೊಳಪು, ತೊಟ್ಟು ಕೆಂಪು. ನಿಧಾನಕ್ಕೆ ಬೆಳೆದು ತಾನಾಗೇ ಒಳ್ಳೇ ಆಕಾರಕ್ಕೆ ಬರುತ್ತದೆ. ನನ್ನ ಓಟು ಇದಕ್ಕೇ.

ತ್ಸುಬಾಕಿ ಅಂದ್ರೆ ಕಮೇಲಿಯಾ, ಚಹಾ ಗಿಡದ ಬಳಗದ್ದೇ. ಹೂ ಎಸಳೆಸಳಾಗಿ ಉದುರದೆ ಇಡಿಯಾಗಿ ಕಳಚಿ ಪಾಚಿಯ ಮೇಲೆ ಕೂರುತ್ತದೆ. ನೋಡೋಕೆ ಚಂದ, ಆದರೆ ಇದಕ್ಕೆ ಕಂಬಳಿಹುಳ ಹತ್ತುತ್ತದೆ, ಅದರ ರೋಮ ತಾಗಿದರೂ ಮೈಯೆಲ್ಲ ತುರಿಕೆ. ನಡೆಯುವ ದಾರಿಗೆ ಅಂಟಿಕೊಂಡ ಹಾಗೆ ನೆಡಬೇಡಿ.

ಬಂಡೆಯ ಹಾಗೆ ದುಂಡಗೆ ಕತ್ತರಿಸಿದ ಪೊದೆಗಳು ಸಾಮಾನ್ಯವಾಗಿ ಸಾತ್ಸುಕಿ ಅಜೇಲಿಯಾ. ಪೂರ್ತಿ ನಿತ್ಯಹಸಿರು ಅಲ್ಲ, ಚಳಿಗೆ ಒಂದಷ್ಟು ಎಲೆ ಉದುರಿಸುತ್ತದೆ. ಹೂ ಮುಗಿದ ತಕ್ಷಣ ಕತ್ತರಿಸಿ. ಬೇಸಿಗೆಯಲ್ಲೇ ಮುಂದಿನ ವರ್ಷದ ಮೊಗ್ಗು ಕಟ್ಟುವುದರಿಂದ, ತಡ ಮಾಡಿದರೆ ಹೂವನ್ನೇ ಕತ್ತರಿಸಿ ಹಾಕಿದ ಹಾಗೆ.

ಗೋಡೆಯ ನೆರಳಿಗೆ ಆಓಕಿ ಅನ್ನುವ ಪೊದೆ. ಬಿಸಿಲೇ ಬೀಳದ ಮೂಲೆಯಲ್ಲೂ ಬದುಕುತ್ತದೆ. ಆದರೆ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಕೆಂಪು ಹಣ್ಣಿನ ಆಸೆಗೆ ಒಂದೇ ಗಿಡ ತಂದು ಸುಮ್ನೆ ಕಾಯಬೇಡಿ, ಹತ್ತಿರದಲ್ಲಿ ಒಂದು ಗಂಡು ಗಿಡವೂ ಇರಬೇಕು.